ಸಡಿಲ

ಮೂವತ್ತೊಂದು ವರ್ಷ ಟೈನ್ ನದಿಯ ಫೆರಿಯಲ್ಲಿ
ಅಪ್ಪಣೆ ಕೊಟ್ಟೇ ಬದುಕಿದವನು ನಾನು.
ಹಗ್ಗ ಹಿಡಿ. ಮೆಟ್ಟಿಲು ನೋಡು. ಹಿಂದೆ ಸರಿ.
ನಾರ್ತ್ ಶೀಲ್ಡ್ಸ್ ದಡದಿಂದ ಸೌತ್ ಶೀಲ್ಡ್ಸಿಗೆ
ಒಂದು ಸಿಗರೇಟು ಮುಗಿಯುವಷ್ಟು ದಾರಿ,
ಅಷ್ಟರಲ್ಲೇ ಇಪ್ಪತ್ತು ಆಜ್ಞೆ.
ಎದುರಾಡಿದವರು ಒಬ್ಬರೂ ಇಲ್ಲ.

ಮುದಿತನದಲ್ಲಿ ಕೈಗೆ ಬಂದಳು ಮಾರ್ನಿ,
ಮಗಳ ಮಗಳು, ಎಂಟು ವರ್ಷ.
"ಶೂ ಹಾಕ್ಕೋ" ಅಂದೆ.
ಬೆಕ್ಕಾದಳು.

ಬೆಕ್ಕಿಗೆಲ್ಲಿಯ ಶೂ?
ಮರುದಿನ ಕಾಲೆರಡೂ ಸತ್ತುಹೋಗಿದ್ದವು.
ಅದರ ಮರುದಿನ ಮೇಜಿನಡಿ ಒಬ್ಬಳು ರಾಣಿ,
ಆಕೆಯ ರಾಜ್ಯದಲ್ಲಿ ಬೀದಿಯೇ ಇರಲಿಲ್ಲ.
ನಾನು ದನಿ ಏರಿಸಿದೆ.
ಗೋಡೆಗೆ ಬಡಿದದ್ದು ಮೊದಲು ಶೂ,
ಆಮೇಲೆ ಚಹಾದ ಮಗ್ಗು,
ಆಮೇಲೆ ಅವಳದೇ ತಲೆ.

ಬರೀ ಹಠ, ಅಂದಳು ಪಕ್ಕದ ಮನೆಯ ಬೆರಿಲ್.
ನಾಲ್ಕು ಬಿಗಿ, ಅಂದ ನನ್ನ ತಮ್ಮ.
ಶಾಲೆಯವರು ಗೋಡೆಗೊಂದು ಚಾರ್ಟು ಹಚ್ಚಿದರು,
ಹತ್ತು ನಕ್ಷತ್ರಕ್ಕೆ ಒಂದು ಐಸ್‌ಕ್ರೀಂ.
ಒಂಬತ್ತನೆಯದು ಬಂದ ದಿನ
ಅವಳು ಚಾರ್ಟನ್ನೇ ತಿಂದಳು.
ಮಾತಿಗೆ ಹೇಳುತ್ತಿಲ್ಲ. ಅಗಿದು, ನುಂಗಿ, ತಿಂದಳು.

ಕಡಲು ನೋಡುವ ಆಸೆ ನಮ್ಮದಲ್ಲ, ಅವಳದೇ.
ವಾರವೆಲ್ಲ ಬಕೆಟ್ಟನ್ನು ಹಾಸಿಗೆಯಲ್ಲಿಟ್ಟು ಮಲಗಿದವಳು
ಶನಿವಾರ ಹೊಸ್ತಿಲಲ್ಲಿ ನಿಂತು ನಡುಗಿದಳು.
"ಹೋಗ್ಬೇಕು ತಾತ. ಹೋಗ್ಬೇಕು. ಆಗ್ತಿಲ್ಲ."
ಆವತ್ತು ನನ್ನ ಕಿವಿ ತೆರೆಯಿತು:
ಬೇಕು ಅನ್ನುವ ಒಂದೇ ಮಾತಿನೊಳಗೆ
ಆಸೆಯೂ ಇದೆ, ಕಟ್ಟಳೆಯೂ ಇದೆ.
ನಮಗದು ಎಲ್ಲಿ ಬೇರೆಯಾಗುತ್ತದೋ
ಅಲ್ಲಿ ಅವಳಿಗೆ ಬೇಲಿಯೇ ಇಲ್ಲ.

ಹಸಿವೂ ಅಪ್ಪಣೆಯೇ.
ಹೊಟ್ಟೆ ತಿನ್ನು ಅನ್ನುತ್ತದೆ,
ಇವಳು ಹೊಟ್ಟೆಯ ಜೊತೆಗೂ ಜಗಳಕ್ಕೆ ನಿಲ್ಲುತ್ತಾಳೆ.
ಒಮ್ಮೆ ಶಭಾಷ್ ಅಂದುಬಿಟ್ಟೆ,
ಬರೆದ ತಿಮಿಂಗಿಲವನ್ನು ಹರಿದು ಹಾಕಿದಳು.
ಶಭಾಷ್ ಅಂದರೆ ನಾಳೆಯೂ ಬರಿ ಅಂತ ತಾನೆ.

ಮೀನು ಕಟ್ಟೆಯಲ್ಲಿ ಹೊಸ ಹುಡುಗರ ತಪ್ಪೊಂದು ಗೊತ್ತು ನನಗೆ.
ಉಬ್ಬರದ ಹೊತ್ತಿನಲ್ಲಿ ದೋಣಿಯನ್ನು
ಒಂದು ಗೇಣೂ ಬಿಡದೆ ಬಿಗಿದು ಮನೆಗೆ ಹೋಗುತ್ತಾರೆ.
ರಾತ್ರಿ ನೀರು ಇಳಿಯುತ್ತದೆ,
ದೋಣಿ ಹಗ್ಗದಲ್ಲಿ ನೇತಾಡುತ್ತದೆ,
ಹರಿದರೆ ಹಗ್ಗ, ಕಿತ್ತರೆ ಕೊಂಡಿ.
ಬೆಳಗ್ಗೆ ಬಂದು ದೋಣಿಯನ್ನು ಬೈಯುತ್ತಾರೆ.
ಆ ಹುಡುಗರಿಗೆ ನಾನು ಎಷ್ಟು ಸಲ ಹೇಳಿಲ್ಲ:
ನೀರಿಗೊಂದಿಷ್ಟು ಸಡಿಲ ಬಿಡು.
ಮನೆಗೆ ಬಂದು ಏನು ಮಾಡಿದೆ, ನಾನು?

ಈಗ ಕ್ರಿಯಾಪದಗಳನ್ನು ನುಂಗುತ್ತೇನೆ.
ಪ್ರತ್ಯಯಗಳನ್ನೆಲ್ಲ ಕಳಚಿದರೆ
ಧಾತುವಿನ ಬುಡದಲ್ಲಿ ಕೂತಿರುವುದು ಅಪ್ಪಣೆಯೇ:
ತಿನ್ನು, ನಿಲ್ಲು, ಬರಿ, ಮಲಗು.
ಅದಕ್ಕೇ ಗಾಳಿಯ ಹತ್ತಿರ ಮಾತಾಡುತ್ತೇನೆ.
"ಇದರಲ್ಲಿ ಎಡಗಾಲಿಂದು ಯಾವುದೋ ಏನೋ."
"ಹೊರಗೆ ಚಳಿ ಇದ್ದಹಾಗಿದೆ."
ಸಲ ಸಲವೂ ಫಲಿಸುವುದಿಲ್ಲ.
ನನ್ನ ಉಪಾಯದ ವಾಸನೆ ಹಿಡಿದ ದಿನ
ಗಾಳಿಗೂ ಬೈಗುಳ ಬೀಳುತ್ತದೆ.

ಡೆನೀಸ್ ರಾತ್ರಿ ಪಾಳಿ ಮುಗಿಸಿ ಬರುತ್ತಾಳೆ,
ಹಾಜರಿ ಕಚೇರಿಯ ಕಾಗದ ಓದದೆಯೇ
ಬೆಣ್ಣೆ ತಟ್ಟೆಯ ಅಡಿಗೆ ತಳ್ಳುತ್ತಾಳೆ.
ಅಲ್ಲಿ ಆರೋ ಏಳೋ ಕಾಗದಗಳಿವೆ,
ಬೆಣ್ಣೆ ಒಂದು ಕಡೆಗೆ ವಾಲಿದೆ.

ನಿನ್ನೆ ಮೆಟ್ಟಿಲ ಮೇಲೆ ಕೂತು
ನನ್ನ ಲೇಸನ್ನೇ ಕಟ್ಟುತ್ತ ಬಿಚ್ಚುತ್ತ ಇದ್ದೆ.
ಚರಂಡಿಯ ಬಳಿ ಒಂದು ಸೀಗಲ್,
ಚಿಪ್ಸಿನ ಪೊಟ್ಟಣದೊಳಗೆ ತಲೆ ತೂರಿಸಿ.
ಹಿಂದಿನಿಂದ ಸದ್ದು: ಚರ್.
ವೆಲ್ಕ್ರೋ. ಒಂದು ಕಾಲು.
ತಿರುಗಿ ನೋಡಲಿಲ್ಲ, ಕತ್ತು ನೋಯುವಷ್ಟು.
ಫೆರಿಯೊಂದು ಹೋಯಿತು. ಇನ್ನೊಂದು ಬಂತು.
ಮತ್ತೆ, ಚರ್.
ನನ್ನ ಹೆಗಲ ಹತ್ತಿರ ಒಂದು ಉಸಿರು.
"ತಾತ, ಏಳು."

ಎದ್ದೆ.
ಇಷ್ಟು ವರ್ಷದಲ್ಲಿ ಯಾರ ಮಾತಿಗೂ
ಅಷ್ಟು ಬೇಗ ಎದ್ದವನಲ್ಲ.

ಇವತ್ತು ಶೂ ಫ್ರಿಜ್ಜಿನಲ್ಲಿದೆ,
ಹಾಲಿನ ಪಕ್ಕ.
ಇರಲಿ.